ಬಾಯಿ ಹಾಕದ ಲಾಳಿ

ಫಾಲ್ ರಿವರ್, ಮ್ಯಾಸಚೂಸೆಟ್ಸ್
ಭಾನುವಾರ, ಮೇ ೭, ೧೯೧೧

ನನ್ನ ಮುದ್ದಿನ ಹೆಟ್ಟಿಗೆ ಅಪ್ಪನ ಪ್ರೀತಿಯ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ಸಂಜೆಯಾದರೆ ಬಿಸಿಯೇರುತ್ತಿದ್ದ ಮೈ ಈಗ ತಣ್ಣಗಿರುತ್ತದೆಯೇ? ಕೆಮ್ಮು ಎಷ್ಟು ಇಳಿದಿದೆ? ಸ್ವಲ್ಪ ಮೈ ತುಂಬಿಕೊಂಡಿದ್ದೇನೆ ಎಂದು ಹೋದ ಕಾಗದದಲ್ಲಿ ನೀನು ಬರೆದಿದ್ದೆ. ಅದನ್ನು ನಿನ್ನ ಅಮ್ಮನಿಗೆ ಓದಿ ಹೇಳಿದೆ. "ಹೂಂ, ಕೇಳಿಸ್ತು" ಅಂದಳು. ಆಮೇಲೆ ನೋಡಿದರೆ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ತಾನೇ ಇನ್ನೊಮ್ಮೆ ಓದಿಕೊಳ್ಳುತ್ತಿದ್ದಳು. ಆಸ್ಪತ್ರೆಯವರು ಕುಡಿಸುವ ಹಸಿ ಮೊಟ್ಟೆಯನ್ನು ಬೈದುಕೊಂಡಾದರೂ ಸರಿ, ಮೂಗು ಮುಚ್ಚಿಕೊಂಡಾದರೂ ಸರಿ, ಕುಡಿದುಬಿಡು. ನಿನ್ನ ಬಿಳಿ ಪಾರಿವಾಳ ಗೂಡು ಕಟ್ಟಿ ಕಾವಿಗೆ ಕೂತಿದೆ. ಅದರ ಗಂಡ ಮಾತ್ರ ನಮ್ಮ ಗಿರಣಿಯ ಮೇಲ್ವಿಚಾರಕನ ಹಾಗೆ ಎದೆಯುಬ್ಬಿಸಿಕೊಂಡು ಸುಮ್ಮನೆ ಓಡಾಡುತ್ತದೆ. ಇಬ್ಬರಿಗೂ ಮಾಡುವ ಕೆಲಸ ಏನೂ ಇಲ್ಲ.

ಈಗ ಸುದ್ದಿಗೆ ಬರುತ್ತೇನೆ. ಕಾಯಿದೆ ಆಯಿತು ಹೆಟ್ಟಿ! ಬಾಯಿಂದ ನೂಲು ಎಳೆಯುವ ಲಾಳಿಯನ್ನು ಇನ್ನು ಈ ರಾಜ್ಯದ ಯಾವ ಗಿರಣಿಯೂ ನೇಕಾರರ ಕೈಗೆ ಕೊಡುವಂತಿಲ್ಲ. ಹಳೆಯವನ್ನೆಲ್ಲ ತೆಗೆದುಹಾಕಲು ಗಡುವು ಕೊಟ್ಟಿದ್ದಾರೆ. ಮಾಲೀಕರು ಆ ಗಡುವನ್ನು ಹಳೆಯ ರಬ್ಬರಿನ ಹಾಗೆ ಎಳೆದಾಡುತ್ತಾರೆ, ಅದು ನನಗೂ ಗೊತ್ತು. ಆದರೂ ಆಗಿದ್ದು ಆಗಿದೆ. ಅಲ್ಲಿನ ಪತ್ರಿಕೆಯಲ್ಲಿ ನೀನೂ ಓದಿರಬಹುದು. ಎಲ್ಲೋ ಮೂಲೆಯಲ್ಲಿ ನಾಲ್ಕು ಸಾಲು ಹಾಕಿರುತ್ತಾರೆ, ಅದರಲ್ಲಿ ಯಾವುದೋ ಶಾಸಕನ ಹೆಸರಿರುತ್ತದೆ. ಅಲ್ಲಿ ಇರಬೇಕಾದ ಹೆಸರು ಸೆಲೀನಾ ಹ್ಯಾಸ್ಲಂ. ಅಂದರೆ ನಿನ್ನ ಅಮ್ಮ. ಇಷ್ಟು ದಿನ ನಿನಗೆ ಇದನ್ನು ಬರೆಯದೆ ನಾನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ, ಯಾಕೆಂದರೆ ಅವಳ ಅಪ್ಪಣೆಯಾಗಿತ್ತು. "ಸೋತ್ರೆ ಮಗೂಗೆ ಯಾಕೆ ಬೇಜಾರು? ಬಾಯಿ ಮುಚ್ಕೊಂಡಿರು ಈನಕ್" ಅಂದಿದ್ದಳು. ಈಗ ಗೆದ್ದಿದ್ದೇವೆ, ನನ್ನ ಬಾಯಿಗೆ ಬೀಗ ಹಾಕುವವರು ಯಾರೂ ಇಲ್ಲ. ಅವಳು ಪ್ರಾರ್ಥನೆಗೆ ಹೋಗಿದ್ದಾಳೆ. ಮಂಡಿನೋವು ಎಂದು ಹೇಳಿ ನಾನು ಮನೆಯಲ್ಲೇ ಉಳಿದುಕೊಂಡು ಬರೆಯುತ್ತಿದ್ದೇನೆ. ದೇವರು ಕ್ಷಮಿಸುತ್ತಾನೆ, ಮಂಡಿ ನಿಜವಾಗಿಯೂ ಸ್ವಲ್ಪ ನೋಯುತ್ತಿದೆ.

ಮಾರ್ಚ್ ತಿಂಗಳಲ್ಲಿ ನಮ್ಮ ನೇಕಾರರ ಸಂಘದ ಕಾರ್ಯದರ್ಶಿ ಡಕ್‌ವರ್ತ್ ಮನೆಗೆ ಬಂದ. ಬಾಸ್ಟನ್ನಿನ ಶಾಸನಸಭೆಯ ಸಮಿತಿಯವರು ಎರಡೂ ಕಡೆಯವರ ಮಾತು ಕೇಳುತ್ತಾರಂತೆ, ಒಬ್ಬ ನೇಕಾರ ಹೆಂಗಸು ಬಂದು ಹೇಳಬೇಕು ಅಂದ. ನಾನು ಪಕ್ಕದ ಮನೆಯ ಪೆಲ್ತಿಯೇ ಮನೆತನದ ಹೆಂಗಸಿನ ಹೆಸರು ಹೇಳುತ್ತಿದ್ದೆ. ಆಕೆ ಊರಿಗೆಲ್ಲ ಕೇಳಿಸುವ ಹಾಗೆ ಮಾತಾಡುತ್ತಾಳಲ್ಲ! ಅಷ್ಟರಲ್ಲಿ ಒಲೆಯ ಮುಂದೆ ನಮಗೆ ಬೆನ್ನು ಹಾಕಿ ನಿಂತಿದ್ದ ನಿನ್ನ ಅಮ್ಮ ತಿರುಗಿಯೂ ನೋಡದೆ "ನಾನು ಬರ್ತೀನಿ" ಅಂದುಬಿಟ್ಟಳು. ನನಗೆ ಕುರ್ಚಿಯಿಂದ ಬೀಳುವುದೊಂದು ಬಾಕಿ. ಚರ್ಚಿನಲ್ಲಿ ಹಾಡುವಾಗಲೂ ಪಕ್ಕದವರಿಗೆ ದನಿ ಕೇಳಿಸದ ಹಾಗೆ ಹಾಡುವವಳು ಅವಳು.

ಮಾಲೀಕರ ವಾದ ನಿನಗೆ ಗೊತ್ತೇ ಇದೆ. ನೂಲು ಸುತ್ತಿದ ಕಂಡಿಕೆ ಮುಗಿದಾಗಲೆಲ್ಲ ಹೊಸದನ್ನು ಲಾಳಿಗೆ ಸಿಕ್ಕಿಸಿ, ಲಾಳಿಯ ಕಣ್ಣಿಗೆ ತುಟಿ ಹಚ್ಚಿ, ಉಸಿರೆಳೆದು ನೂಲನ್ನು ಹೊರಗೆ ತರುವುದು ಹೆಂಗಸರು ತಾವೇ ಮಾಡಿಕೊಂಡ ಅಭ್ಯಾಸವಂತೆ. ನಾವು ಪ್ರತಿ ಮಗ್ಗಕ್ಕೂ ತಂತಿಯ ಕೊಕ್ಕೆ ನೇತುಹಾಕಿದ್ದೇವೆ, ಅದರಿಂದ ಎಳೆದುಕೊಳ್ಳಿ ಎಂದರೆ ಅವರೇ ಕೇಳುವುದಿಲ್ಲವಂತೆ. ಕೊಕ್ಕೆ ನೇತಾಡುತ್ತಿರುವುದು ನಿಜ. ಆದರೆ ನೇಯ್ದ ಬಟ್ಟೆಯ ಅಳತೆಗೆ ಕೂಲಿ ಕೊಟ್ಟು, ಮಗ್ಗ ಒಂದು ಗಳಿಗೆ ನಿಂತರೂ ಗುರಾಯಿಸುವ ಜನ, ಕೊಕ್ಕೆ ಹುಡುಕುತ್ತಾ ನಿಂತವಳನ್ನು ಏನು ಮಾಡುತ್ತಾರೆ ಎಂದು ಬಾಸ್ಟನ್ನಿನವರಿಗೆ ಗೊತ್ತಿಲ್ಲ. ಒಬ್ಬಳು ಮನೆಗೆ ಹೋದರೆ ಅದೇ ಲಾಳಿ ಇನ್ನೊಬ್ಬಳ ಬಾಯಿಗೆ, ಅವಳ ಕೆಮ್ಮು ಇವಳ ಎದೆಗೆ. ಹಾಗಾಗಿ ಡಕ್‌ವರ್ತ್ ಒಂದು ಉಪಾಯ ಹೂಡಿದ್ದ. ಸೆಲೀನಾ ಸಮಿತಿಯ ಎದುರು ಕೊಕ್ಕೆಯಿಂದಲೇ ನೂಲು ಎಳೆದು ತೋರಿಸಬೇಕು, ಎಷ್ಟು ನಿಧಾನ, ಎಷ್ಟು ಕಷ್ಟ ಎಂದು ಅವರೇ ಕಣ್ಣಾರೆ ನೋಡಬೇಕು. ಪಾಪ, ಇವಳು ಆ ವಾರವೆಲ್ಲ ಊಟವಾದ ಮೇಲೆ ಮೇಜಿನ ಮುಂದೆ ಕೂತು ಒಂದು ಹಳೆಯ ಲಾಳಿಗೆ ಕೊಕ್ಕೆ ಹಾಕಿ ಎಳೆದದ್ದೇ ಎಳೆದದ್ದು. ನಾನು ನಗುತ್ತಿದ್ದೆ. "ನಗು, ನಗು. ಮಗ್ಗದ ಮಿಸ್ತ್ರಿಗೇನು ಗೊತ್ತು? ನಿಂಗೆ ಸುತ್ತಿಗೇಲಿ ಹೊಡಿಯೋದೊಂದೇ ಗೊತ್ತಿರೋದು" ಅಂತ ಬೈಸಿಕೊಂಡೆ.

ಹೋಗುವ ದಿನ ಪೆಲ್ತಿಯೇ ಹೆಂಗಸು ತನ್ನ ಟೋಪಿಯನ್ನೇ ಕೊಟ್ಟಳು. ಅದೇ, ಬಟ್ಟೆಯ ಚೆರ್ರಿ ಹಣ್ಣಿನ ಗೊಂಚಲು ನೇತಾಡುತ್ತದಲ್ಲ, ನೀನು ಹಣ್ಣಿನ ಬುಟ್ಟಿ ಎಂದು ಹೆಸರಿಟ್ಟಿದ್ದೆಯಲ್ಲ, ಅದು. ಬಾಸ್ಟನ್ ಸಭೆಯ ಕೋಣೆ ನಮ್ಮ ಚರ್ಚಿಗಿಂತ ದೊಡ್ಡದು. ನನ್ನನ್ನು ಹಿಂದಿನ ಗೋಡೆಯ ಹತ್ತಿರ ಕೂರಿಸಿದರು, ಇವಳು ಮುಂದೆ, ಉದ್ದ ಮೇಜಿನ ಎದುರು. ಅಷ್ಟು ದೊಡ್ಡ ಮನುಷ್ಯರ ನಡುವೆ ಆ ಚೆರ್ರಿ ಹಣ್ಣುಗಳು ನಡುಗುವುದು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ಅವಳು ಒಮ್ಮೆ ಹಿಂದೆ ತಿರುಗಿ, ದನಿಯಿಲ್ಲದೆ ತುಟಿಯಲ್ಲೇ "ಟೋಪಿ ಸರೀಗಿದ್ಯಾ?" ಎಂದು ಕೇಳಿದಳು. ನಾನೂ ತುಟಿಯಲ್ಲೇ "ರಾಣಿ ಥರ ಇದೀಯ" ಅಂದೆ. ಪಕ್ಕದಲ್ಲಿ ಕೂತಿದ್ದ ಬಾಸ್ಟನ್ ಮನುಷ್ಯ ನನಗೆ ತಲೆ ಕೆಟ್ಟಿದೆ ಅಂದುಕೊಂಡು ಸ್ವಲ್ಪ ಸರಿದು ಕೂತ. ಮಗ್ಗಗಳ ಗದ್ದಲದಲ್ಲಿ ಬದುಕಿದ ನಮಗೆ ತುಟಿಮಾತೇ ಮಾತು ಎಂದು ಅವನಿಗೇನು ಗೊತ್ತು? ಅಕ್ಷರ ಕಲಿಯುವ ಮೊದಲೇ ನೀನು ಅದನ್ನು ಕಲಿತಿದ್ದೆ. ಪಾದ್ರಿ ಪ್ರವಚನ ಮಾಡುವಾಗ ಆಚೆ ಬೆಂಚಿನಿಂದ "ಅಪ್ಪಾ, ಹಸಿವು" ಅಂತ ತುಟಿ ಆಡಿಸುತ್ತಿದ್ದೆ.

ಅಧ್ಯಕ್ಷರು ಒಳ್ಳೆಯ ಮನುಷ್ಯ. ಲಾಳಿ, ಕಂಡಿಕೆ, ಕೊಕ್ಕೆ ಮೂರನ್ನೂ ಇವಳ ಮುಂದೆ ಇಡಿಸಿ, "ತೋರಿಸಿ ಅಮ್ಮ, ನಿಧಾನಕ್ಕೆ" ಅಂದರು. ಇವಳು ಎಡಗೈಯಲ್ಲಿ ಕೊಕ್ಕೆ ಹಿಡಿದಳು. ಬಲಗೈಯಲ್ಲಿ ಕಂಡಿಕೆ ಸಿಕ್ಕಿಸಿದಳು. ಆಮೇಲೆ ಏನಾಯಿತು ಗೊತ್ತೇ? ಇಡೀ ಸಭೆ ನೋಡುತ್ತಿರುವಾಗ ಲಾಳಿ ಸರಕ್ಕನೆ ಬಾಯಿಗೆ ಹೋಯಿತು, ಉಸಿರೆಳೆದಳು, ನೂಲು ಹೊರಗೆ ಬಂತು! ಕೊಕ್ಕೆ ಎಡಗೈಯಲ್ಲೇ ಇತ್ತು. ಏನು ಮಾಡಿದೆ ಎಂದು ಅವಳಿಗೆ ಗೊತ್ತಾಗಿದ್ದು ಜನ ನಕ್ಕ ಮೇಲೆ. ಮಾಲೀಕರ ವಕೀಲ ಎದ್ದು ನಿಂತು, "ಮಹನೀಯರೇ, ನಾನು ಹೇಳೋದೇನೂ ಉಳಿದಿಲ್ಲ. ನಮ್ಮ ವಾದಾನ ಈ ತಾಯೀನೇ ಮಾಡಿ ತೋರ್ಸಿದ್ರು" ಅಂದ. ಡಕ್‌ವರ್ತ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಅವಳು ತಿರುಗಿ ನನ್ನನ್ನು ಹುಡುಕಿದಳು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ನಾನು ತುಟಿಯಲ್ಲಿ ಹೇಳಿದ್ದು ಇಷ್ಟೇ: "ಹೆಟ್ಟಿ ವಿಷಯ ಹೇಳು." ಆಗ ನಿನ್ನ ಅಮ್ಮ ಆ ಸಭೆಗೆ ಎದುರಾಗಿ ನಿಂತದ್ದನ್ನು ನೀನು ನೋಡಬೇಕಿತ್ತು ಮಗಳೇ. "ನಗ್ರಿ ಪರವಾಗಿಲ್ಲ" ಅಂದಳು, ಕೊನೆಯ ಸಾಲಿನವರಿಗೂ ಕೇಳಿಸುವ ದನಿಯಲ್ಲಿ. "ಇಂಥ ಲಾಳಿ ಎಳೆದ ನನ್ನ ಮಗಳು ರಟ್ಲೆಂಡ್ ಆಸ್ಪತ್ರೇಲಿ ಎದೆ ಕಾಯಿಲೆಯಿಂದ ಮಲಗಿದಾಳೆ. ಈ ಲಾಳಿ ಬೇಡ ಅಂತ ಹೇಳೋಕೇ ಅಂತ ರೈಲು ಹತ್ತಿ ಬಂದೋಳು ನಾನು. ಕೈಯಲ್ಲಿ ಕೊಕ್ಕೆ ಹಿಡ್ಕೊಂಡೇ ಬಾಯಿ ಹಾಕ್ದೆ, ನೋಡಿದ್ರಲ್ಲ? ನನ್ನ ಬಾಯಿ ನನ್ನ ಮಾತೇ ಕೇಳಲ್ಲ. ಹುಡುಗಿಯಾಗಿದ್ದಾಗಿಂದ ಮಗ್ಗ ಅದನ್ನ ಹಂಗೆ ಪಳಗ್ಸಿದೆ. ಅದಕ್ಕೇ ಹೇಳ್ತೀನಿ, ಕೊಕ್ಕೆ ಕೊಟ್ಟು ನಮಗೆ ಬುದ್ಧಿ ಹೇಳ್ಬೇಡಿ. ಬಾಯಿ ಹಾಕೋಕೇ ಆಗದಂಥ ಲಾಳಿ ಕೊಡಿ. ಅಂಥವು ಸಿಗ್ತವೆ, ಅವರಿಗೂ ಗೊತ್ತು."

ಅಷ್ಟಕ್ಕೇ ಬಿಟ್ಟಳೇ? ಇಲ್ಲ. ಇನ್ನೂ ಒದ್ದೆಯಾಗಿದ್ದ ಆ ಲಾಳಿಗೆ ಬೇರೆ ಕಂಡಿಕೆ ಹಾಕಿ, ಮೇಜು ಸುತ್ತಿಕೊಂಡು ಹೋಗಿ ವಕೀಲನ ಮುಂದೆ ಹಿಡಿದಳು. "ಬರೀ ಅಭ್ಯಾಸ ಅಂದ್ರಲ್ಲ ಸ್ವಾಮಿ, ನೀವೂ ಒಂದ್ಸಲ ಎಳೀರಿ" ಅಂದಳು. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ, ಬೆತ್ತ ಕಂಡ ಶಾಲೆಯ ಹುಡುಗನ ಹಾಗೆ! ಈ ಸಲ ಸಭೆಯಲ್ಲಿ ಯಾರೂ ನಗಲಿಲ್ಲ. ಅಧ್ಯಕ್ಷರು ಎದ್ದು ಬಂದು ಲಾಳಿಯನ್ನು ತಾವೇ ಕೈಗೆ ತೆಗೆದುಕೊಂಡು, ಅದರ ಕಣ್ಣನ್ನು ಬಹಳ ಹೊತ್ತು ನೋಡುತ್ತಾ ನಿಂತರು. ನನ್ನ ಪಕ್ಕದ ಬಾಸ್ಟನ್ ಮನುಷ್ಯ "ಯಾರು ಆಕೆ?" ಎಂದು ಕೇಳಿದ. "ನನ್ನ ಹೆಂಡತಿ" ಅಂದೆ. ಲ್ಯಾಂಕಾಷೈರಿನಿಂದ ಹಡಗು ಹತ್ತಿ ಬಂದಾಗಿನಿಂದ ಈ ದೇಶದಲ್ಲಿ ನಾನು ಇಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಅವಳು ಎಂದಿನಂತೆ ಕೆಲಸಕ್ಕೆ ಹೋದಳು. ಕೆಲಸದಿಂದ ತೆಗೆದುಹಾಕುತ್ತಾರೆ ಎಂದು ನನಗೆ ಒಳಗೊಳಗೇ ದಿಗಿಲಿತ್ತು. ಅಷ್ಟರಲ್ಲಾಗಲೇ ಸುದ್ದಿ ಊರು ತುಂಬಿತ್ತು. ಮಗ್ಗಗಳೆಲ್ಲ ಓಡುತ್ತಿರುವಾಗ ಚಪ್ಪಾಳೆ ತಟ್ಟಿದರೆ ಯಾರಿಗೆ ಕೇಳಿಸುತ್ತದೆ? ಅವಳು ಸಾಲಿನ ನಡುವೆ ನಡೆದು ಬರುವಾಗ ಪೋರ್ಚುಗೀಸ್ ಹುಡುಗಿಯರು, ಕೆನಡಾದ ಹೆಂಗಸರು, ನಮ್ಮವರು, ಎಲ್ಲರೂ ಕೈಯಲ್ಲಿದ್ದ ಲಾಳಿಯನ್ನು ತಲೆಯ ಮೇಲೆ ಎತ್ತಿ ಹಿಡಿದರು. ಒಬ್ಬರಾದ ಮೇಲೆ ಒಬ್ಬರು, ಶೆಡ್ಡಿನ ಆ ತುದಿಯವರೆಗೂ. ನಾನು ಒಂದು ಮಗ್ಗದ ಕೆಳಗೆ ಅಂಗಾತ ಮಲಗಿ ಕೆಲಸ ಮಾಡುತ್ತಿದ್ದೆ, ತಲೆ ಹೊರಗೆ ಹಾಕಿ ನೋಡಿದೆ. ಮೇಲ್ವಿಚಾರಕನೂ ನೋಡಿದ, ಆಮೇಲೆ ಏನೋ ದೊಡ್ಡ ಕೆಲಸ ನೆನಪಾದವನಂತೆ ಕಿಟಕಿ ಕಡೆ ತಿರುಗಿಕೊಂಡ. ಅವಳನ್ನು ಯಾರೂ ತೆಗೆದುಹಾಕಲಿಲ್ಲ. ತೆಗೆದಿದ್ದರೆ ಆ ಲಾಳಿಗಳು ಅವತ್ತು ಕೆಳಗಿಳಿಯುತ್ತಿರಲಿಲ್ಲ.

ಮೊನ್ನೆ ಕಾಯಿದೆಯ ಸುದ್ದಿ ಹಿಡಿದುಕೊಂಡು ಡಕ್‌ವರ್ತ್ ಓಡೋಡಿ ಬಂದಾಗ ನಿನ್ನ ಅಮ್ಮ ನೆಲ ಒರೆಸುತ್ತಿದ್ದಳು. ಅವನು ಬಾಗಿಲಲ್ಲೇ "ಗೆದ್ವಿ ಸೆಲೀನಾ!" ಎಂದು ಕೂಗಿದ. "ಸರಿ, ಕಾಲೊರ್ಸ್ಕೊಂಡು ಒಳಗೆ ಬಾ" ಅಂದಳು. ಅವನು ಹೋದ ಮೇಲೆ ಒರೆಸಿದ ನೆಲವನ್ನೇ ಮತ್ತೊಮ್ಮೆ ಒರೆಸಿದಳು. ನನಗಂತೂ ಹೆಮ್ಮೆಯಿಂದ ಅಂಗಿಯ ಗುಂಡಿ ಕಿತ್ತುಹೋಗುವುದೊಂದು ಬಾಕಿ ಹೆಟ್ಟಿ. ಗಿರಣಿಯ ಬಾಗಿಲಲ್ಲಿ ನನ್ನನ್ನು ಈಗ ಈನಕ್ ಎಂದು ಯಾರೂ ಕರೆಯುವುದಿಲ್ಲ, ಸೆಲೀನಾಳ ಗಂಡ ಅನ್ನುತ್ತಾರೆ. ಅನ್ನಲಿ.

ನೀನು ಬೇಗ ಚೇತರಿಸಿಕೋ. ಡಾಕ್ಟರ ಮಾತು ಮೀರಬೇಡ, ಬೆಟ್ಟದ ಚಳಿಗಾಳಿಗೆ ಕಾಲು ಬೆಚ್ಚಗಿಟ್ಟುಕೋ. ಪಕ್ಕದ ಹಾಸಿಗೆಯ ಹುಡುಗಿಗೆ ನಮ್ಮೆಲ್ಲರ ನೆನಪು ತಿಳಿಸು. ದೇವರು ನಿನ್ನ ಎದೆಗೆ ಬಲ ಕೊಡಲಿ, ಮಿಕ್ಕಿದ್ದನ್ನು ಆ ಹಸಿ ಮೊಟ್ಟೆ ಕೊಡಲಿ.

ನಿನ್ನನ್ನೇ ನೆನೆಯುತ್ತಿರುವ
ಅಪ್ಪ,
ಈನಕ್ ಹ್ಯಾಸ್ಲಂ

ಇನ್ನೊಂದು ಮಾತು. ಪ್ರಾರ್ಥನೆ ಮುಗಿಯಿತು ಎಂದು ಕಾಣುತ್ತದೆ, ಬೀದಿಯಲ್ಲಿ ಜನ ಬರುತ್ತಿದ್ದಾರೆ, ಬೇಗ ಬರೆದುಬಿಡುತ್ತೇನೆ. ಮುಂದಿನ ಭಾನುವಾರ ನಾನೊಬ್ಬನೇ ಬರುವುದಿಲ್ಲ, ಅಮ್ಮನೂ ಬರುತ್ತಾಳೆ. ಇಷ್ಟು ದಿನ ಅವಳು ಯಾಕೆ ಬರಲಿಲ್ಲ ಎಂದು ನೀನು ನನ್ನನ್ನು ಒಮ್ಮೆಯೂ ಕೇಳಲಿಲ್ಲ, ಆದರೆ ನಿನ್ನ ಮನಸ್ಸಿನಲ್ಲಿ ಅದು ಕೊರೆಯುತ್ತಿರುತ್ತದೆ. ಬಾಸ್ಟನ್ನಿನಿಂದ ಬರುವಾಗ ರೈಲಿನ ಕಿಟಕಿಗೆ ಮುಖ ಹಚ್ಚಿ ಅವಳು ದನಿಯಿಲ್ಲದೆ ತುಟಿ ಆಡಿಸುತ್ತಿದ್ದಳು. ನಾನು ನಿದ್ದೆ ಮಾಡಿದ್ದೇನೆ ಅಂದುಕೊಂಡಿದ್ದಳು. ಗಾಜಿನಲ್ಲಿ ನನಗೆ ಕಂಡಿತು. "ನಾನೇ ಕಲಿಸ್ದೆ, ನನ್ನ ಲಾಳೀನೇ ಅವಳ ಬಾಯಿಗೆ ಕೊಟ್ಟೆ" ಎಂದು ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದಳು. ನಿನ್ನ ಹತ್ತಿರ ಬರುವ ಮುಖ ತನಗಿಲ್ಲ ಅಂದುಕೊಂಡಿದ್ದಾಳೆ. ಈಗಲೂ ಬರಲು ಒಪ್ಪಿದ್ದು ಒಂದು ಷರತ್ತಿನ ಮೇಲೆ: ಆಸ್ಪತ್ರೆಯ ಜಗುಲಿಯ ಆ ತುದಿಯಲ್ಲೇ ನಿಂತು ನಿನ್ನ ಜೊತೆ ತುಟಿಮಾತು ಆಡಿ ಹೊರಟುಬಿಡುತ್ತಾಳಂತೆ. ಪಕ್ಕದಲ್ಲಿ ಕೂರಬಹುದು ಎಂದು ಡಾಕ್ಟರು ಹೇಳಿದ್ದಾರೆ, ಅದನ್ನು ಕೇಳಿಸಿಕೊಳ್ಳಲೂ ಅವಳು ತಯಾರಿಲ್ಲ. ಅದಕ್ಕೇ ಹೇಳುತ್ತೇನೆ ಮಗಳೇ, ಅವಳು ಅಲ್ಲಿಂದ ಏನೇ ಹೇಳಲಿ, ನೀನು ಕಿವಿಗೆ ಕೈ ಹಚ್ಚಿಕೊಂಡು ಒಂದೂ ಅರ್ಥವಾಗದವಳ ಹಾಗೆ ನೋಡುತ್ತಿರು. ಅವಳು ಮತ್ತೆ ಹೇಳುತ್ತಾಳೆ, ಆಗಲೂ ಅರ್ಥವಾಗಲಿಲ್ಲ ಎಂದು ತಲೆಯಾಡಿಸು. ಆಮೇಲೆ "ಈ ಹುಡುಗಿಗೆ ತುಟಿಮಾತೂ ಮರ್ತುಹೋಯ್ತಲ್ಲಪ್ಪ" ಎಂದು ಬೈದುಕೊಳ್ಳುತ್ತಾ ಹತ್ತಿರ ಬಂದೇ ಬರುತ್ತಾಳೆ. ಬಂದಾಗ ಕೈ ಹಿಡಿದುಕೋ, ಬಿಡಬೇಡ.