ಗಳ ಎತ್ತಿದ ಮ್ಯಾಲೆ

ಮುಕ್ಕಾಂ ಲಕ್ಷ್ಮೇಶ್ವರ
ಆಷಾಢ ಬಹುಳ, ಗುರುವಾರ
ತಾ. ೨೨-೭-೧೯೪೮

ಪ್ರೀತಿಯ ತಂಗಿ ಹನಮಂತವ್ವಗ,

ಅಣ್ಣ ತಿರಕಪ್ಪ ಲಕ್ಷ್ಮೇಶ್ವರದಿಂದ ಕೈಯೆತ್ತಿ ಹರಸಿ ಬರಿಯೂದು. ನಾ ಆರಾಮ ಅದೀನಿ. ನೀ ಹೆಂಗದಿ? ನಿಮ್ಮ ಮನಿಯವರು ಅಂದಾನಪ್ಪನವರ ಮೊಣಕಾಲು ಹೆಂಗೈತಿ? ದಿನಾ ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟು ಕುಂದ್ರೋ ಮಂದಿಗಿ ಮಳಿಗಾಲದಾಗ ಬ್ಯಾನಿ ತಪ್ಪಿದ್ದಲ್ಲ. ಎಳ್ಳೆಣ್ಣಿ ಬಿಸಿ ಮಾಡಿ ತಿಕ್ಕು, ಅವರು ಬ್ಯಾಡಂದ್ರೂ ತಿಕ್ಕು. ಈ ಕಾಗದ ನಿನಗ ಓದಿ ಹೇಳೋ ಸೊಸಿ ಉಡಚವ್ವಗ ಒಂದು ಮಾತು: ಯವ್ವಾ, ನಿಮ್ಮತ್ತಿ ನಡುವ 'ಸಾಕು, ಒಲಿಗಿ ಹಾಕು' ಅಂದ್ರೂ ನೀ ನಿಲ್ಲಸಬ್ಯಾಡ. ನಾ ಸಾಲಿಗಿ ಹೋದಾಂವಲ್ಲ, ಚೀಲದ ಮ್ಯಾಲಿನ ಅಕ್ಷರ ನೋಡಿ ಕಲ್ತಾಂವ. ಅದಕ್ಕ ನನ್ನ ಅಕ್ಷರ ಒಂದೊಂದೂ ಮೂಟಿ ಹೊತ್ತಂಗ ಕಾಣತಾವ. ಸಮಾಧಾನಲೆ ಓದು.

ಹನಮಂತಿ, ನೀ ನನ್ನ ಕೂಡ ಮಾತು ಬಿಟ್ಟು ಒಂಬತ್ತು ವರ್ಷ ಆತು. ಬಿಟ್ಟದ್ದು ತಪ್ಪು ಅನ್ನಾಕ ಬರದ ಕಾಗದ ಇದಲ್ಲ. ಇನ್ನೊಮ್ಮಿ ಮಾತಾಡತಿಯೇನು ಅಂತ ಕೇಳಾಕ ಬರದದ್ದು. ಸೀದಾ ಕೇಳಾಕ ಬಾಯಿ ಬರವಲ್ದು, ಅದಕ್ಕ ಮೊದಲ ಊರ ಸುದ್ದಿ ಹೇಳತೀನಿ.

ನಮ್ಮ ಜಕಾತಿ ನಾಕಾ ಹೋತು. ಹೋದ ವರ್ಷ ಆಗಸ್ಟಿನಾಗ ಸ್ವಾತಂತ್ರ್ಯ ಬಂತಂತ ಗದಗ-ಬೆಟಗೇರ್ಯಾಗ ನೀವು ಪೇಢೆ ತಿಂದ್ರಿ. ನಮ್ಮದು ಸಂಸ್ಥಾನದ ಊರು, ಮುಂಬೈ ಪ್ರಾಂತದಾಗ ಕೂಡೂದರಾಗ ಮಾರ್ಚ್ ತಿಂಗಳು ಬಂತು. 'ಸ್ವಾತಂತ್ರ್ಯ ಏಳು ತಿಂಗಳು ಯಾಕ ತಡಾ ಆತು ಗೊತ್ತೇನು? ತಿರಕಪ್ಪ ನಾಕಾದಾಗ ಹಿಡದು ಅದರ ಗಂಟು ಬಿಚ್ಚಸಾಕತ್ತಿದ್ದ' ಅಂತ ಊರ ಮಂದಿ ನಗತಾರ. ನಾನೂ ನಕ್ಕೆ. ಖರೆ ಅಂದ್ರ ಮೂವತ್ತೊಂದು ವರ್ಷ ಆ ಬಿದರಿನ ಗಳ ನನ್ನ ಕೈಯಾಗಿತ್ತು. ನಾ ಅದನ್ನ ರಸ್ತಾಕ್ಕ ಅಡ್ಡ ಇಳಿಸಿದ್ರ ಎಂಥಾ ಶೆಟ್ಟಿ ಚಕ್ಕಡೀನೂ ನಿಂದ್ರಬೇಕು. ನಿಂತಾವರು ಸುಮ್ಮನ ನಿಂದ್ರತಿದ್ದಿಲ್ಲ. 'ತಿರಕಪ್ಪಣ್ಣಾ, ಆರಾಮೇನು? ಬಾಳಿಹಣ್ಣು ತಗೋ', 'ತಿರಕಪ್ಪಣ್ಣಾ, ಮಗಳಿಗಿ ಶಿರಹಟ್ಟಿ ಕಡೆ ಗಂಡು ನೋಡೀವಿ, ನೀ ಏನಂತಿ?' ಸೊರಟೂರಾಗ ಯಾರ ಎಮ್ಮಿ ಈದೈತಿ, ಮುಂಡರಗ್ಯಾಗ ಯಾರ ಸೊಸಿ ಸಿಟ್ಟಾಗಿ ತವರಿಗಿ ಹೊಂಟಾಳ, ಎಲ್ಲಾ ಮೊದಲ ನನಗ ಗೊತ್ತು, ಆಮ್ಯಾಲೆ ಊರಿಗಿ. ಸುತ್ತ ನಲವತ್ತು ಊರು ನನ್ನವು ಅಂತ ಮೀಸಿ ತಿರುವಿಕೊಂಡು ಕುಂತಿದ್ದೆ.

ಸಾಹೇಬರು ಬಂದು ಗಳ ಎತ್ತಿ ಕಟ್ಟಿಸಿ ಹೋದ್ರು. ನನಗೇನೂ ಕೆಟ್ಟ ಅನಿಸಲಿಲ್ಲ, ಕೇಳು. ನನ್ನ ಲೆಕ್ಕಾಚಾರ ಬ್ಯಾರೆ ಇತ್ತು. ಇಷ್ಟು ದಿನ ಜಕಾತಿ ಕಾಟಕ್ಕ ಮಂದಿ ಮನಸ್ಸು ಬಿಚ್ಚಿ ಕುಂಡ್ರತಿದ್ದಿಲ್ಲ, ಇನ್ನ ಕಾಟ ಇಲ್ಲ, ತಾಸಗಟ್ಟಲೆ ಕುಂಡ್ರತಾರ ಅಂತ. ಮರುದಿನ ಮುಂಜಾನೆ ರಸ್ತಾದ ಬಾಜೂಕ ಜಮಖಾನಿ ಹಾಸಿದೆ, ಎರಡು ಕೊಡ ನೀರು ತುಂಬಿಸಿದೆ, ದೊಡ್ಡ ಪಾತೇಲ್ಯಾಗ ಚಾ ಇಟ್ಟೆ. ಮೊದಲನೇ ಚಕ್ಕಡಿ ಬಂತು, ಹೋತು. ಎರಡನೇದು ಬಂತು, ಹೋತು. ಧೂಳಿ ನನ್ನ ಚಾದಾಗ ಬಿತ್ತು. ಕೈ ಎತ್ತಿದೆ, ಅವರೂ ಕೈ ಎತ್ತಿದ್ರು, ಎತ್ತಿಕೋತನ ಹೋದ್ರು. ನಿಂತದ್ದು ಅಂದ್ರ ಅಂದಪ್ಪ ಗೌಡನ ಎತ್ತು ಎರಡೂ. ಪಾಪ, ಅವಕ್ಕ ಸಂಸ್ಥಾನ ಹೋದ ಸುದ್ದಿ ಮುಟ್ಟಿದ್ದಿಲ್ಲ, ರೂಢಿ ಪ್ರಕಾರ ನಿಂತು ನನ್ನ ಮಾರಿ ನೋಡಿದ್ವು. 'ನಡೀರಲೇ, ನಾಕಾ ಇಲ್ಲೀಗ' ಅಂತ ಅಂದಪ್ಪ ಬಾರಕೋಲು ಬೀಸಿದ. ಆ ಪಾತೇಲಿ ಚಾ ಎರಡು ದಿನ ಕಾಸಿಕೊಂಡು ಒಬ್ಬನ ಕುಡದೆ. ಹೊಟ್ಟಿ ಕೆಟ್ಟಿತು.

ಹಂಗ ನಾಕು ತಿಂಗಳು ನಡದು ಹೋತು. ಮೊನ್ನೆ ಸೋಮವಾರ ನನಗ ಏನು ಬುದ್ಧಿ ಬಂತೋ, ಕಟ್ಟಿದ ಹಗ್ಗ ಬಿಚ್ಚಿ ಗಳ ಇಳಿಸಿಬಿಟ್ಟೆ. ಗದಗಿನ ಮೋಟಾರು ಬಂದು ನಿಂತಿತು. ಇಪ್ಪತ್ತು ಮಂದಿ ಇಳದ್ರು. ನನ್ನ ಜೀವ ತಂಪಾತು ನೋಡು! 'ಬರ್ರಿ, ಕುಂಡ್ರಿ, ಚಾ ಐತಿ' ಅಂತ ನಾ ಓಡ್ಯಾಡಾಕತ್ತೆ. ಡ್ರೈವರ್ ಕೆಳಗ ಹಾರಿ, 'ಏ ಮುದುಕಾ, ಯಾವ ಸರಕಾರದ ನಾಕಾಲೇ ಇದು?' ಅಂದ. ನಾ ಹಿಂದ ಮುಂದ ನೋಡಲಾರದ 'ನಂದು' ಅಂದೆ. ಇಡೀ ಮೋಟಾರು ಹೊಟ್ಟಿ ಹಿಡಕೊಂಡು ನಕ್ಕಿತು. ಗಳ ತಾವ ಎತ್ತಿ ದಾಟಿ ಹೋದ್ರು.

ಒಬ್ಬಾಕಿ ಹೋಗಲಿಲ್ಲ. ಬಳಿ ಮಾರೋ ಖಾತುನಬಿ, ನಿಮ್ಮ ಓಣಿಗೂ ಬರತಾಳ, ನಿನಗ ಗೊತ್ತದಾಳ. ಕುಂತು ಚಾ ಕುಡದ್ಲು, ಸಕ್ಕರಿ ಕಮ್ಮಿ ಅಂತ ಬೈದ್ಲು, ಆಮ್ಯಾಲೆ ಅಂದ್ಲು: 'ತಿರಕಪ್ಪಣ್ಣಾ, ಸಿಟ್ಟಾಗಬ್ಯಾಡ. ನಿನ್ನ ಮಾರಿ ನೋಡಾಕ ಯಾರ ನಿಂತಿದ್ರು? ಗಳ ಕೆಳಗಿತ್ತು, ನಿಂತ್ವಿ. ಬಾಳಿಹಣ್ಣು ಕೊಟ್ರ ಗಂಟು ಬಿಚ್ಚಸೂದಿಲ್ಲ ಅಂತ ಕೊಟ್ವಿ.' ನಾ ಜಗಳಕ್ಕ ನಿಂತೆ, ನಲವತ್ತು ಊರ ಹೆಸರು ಎಣಿಸಾಕತ್ತೆ. 'ಊರು ಬಿಡು, ನಿನ್ನ ಕರದು ತಾಟು ಹಾಕಿದ ಒಂದು ಮನಿ ಹೇಳು' ಅಂದ್ಲು.

ಹನಮಂತಿ, ನಾ ಹೇಳಾಕ ಬಾಯಿ ತಗದೆ. ಮೂವತ್ತೊಂದು ವರ್ಷದಾಗ ಒಂದ ಮನಿ ನೆನಪಿಗಿ ಬಂತು, ನಿಂದು. ನೀ ಬಡಿಸಿದ ರೊಟ್ಟಿ, ಪುಂಡಿಪಲ್ಲೆ. ಅದೂ ಆ ಪಂಚಮಿಗಿಂತ ಮೊದಲಿನ ಮಾತು.

ಆ ಪಂಚಮಿ ವಿಷಯ ನಾ ಎಂದೂ ಆಡಿಲ್ಲ, ಇವತ್ತ ಆಡತೀನಿ. ಪಂಚಮಿಗಿ ಅಣ್ಣ ಹೋಗಿ ತಂಗೀನ ಕರಕೊಂಡು ಬರೂದು ಪದ್ಧತಿ. ನಾಕಾ ಬಿಟ್ಟು ಹೆಂಗ ಬರಲಿ ಅಂತ ನಾ ಬರೇ ಹೇಳಿಕಳಿಸಿದೆ. ನೀನ ದೊಡ್ಡ ಮನಸ್ಸು ಮಾಡಿ ಚಕ್ಕಡಿ ಹತ್ತಿ ಬಂದಿ, ತೊಡಿ ಮ್ಯಾಲೆ ಉಂಡಿ ಬುಟ್ಟಿ. ಅವತ್ತ ಚಕ್ಕಡಿ ಸಾಲಹಚ್ಚಿ ನಿಂತಿದ್ವು. 'ತಂಗಿ ಬುಟ್ಟಿ ಬಿಚ್ಚಸಂಗಿಲ್ಲೇನ್ರಿ, ನಮ್ಮದಷ್ಟನ?' ಅಂತ ಹಿಂದಿನಾಂವ ಚುಚ್ಚಿದ. ಅವನ ಮುಂದ ಶಾಣ್ಯಾ ಆಗಾಕ ಹೋಗಿ 'ಬುಟ್ಟಿ ಬಿಚ್ಚವಾ' ಅಂದೆ. 'ಅಣ್ಣಾ, ಎಳ್ಳುಂಡಿಗೂ ಜಕಾತಿ ಐತೇನು?' ಅಂತ ನೀ ಕೇಳಿದಿ. ನಾ ಮೂರ್ಖ, ನಿಂತು ವಿಚಾರ ಮಾಡಿದೆ! ಎಳ್ಳಿಗಿ ಐತಿ, ಬೆಲ್ಲಕ್ಕ ಐತಿ, ಎರಡೂ ಕೂಡಿ ಉಂಡಿ ಆದ್ರ ಏನು ಅಂತ. ನನ್ನ ವಿಚಾರ ಮುಗಿಯೂದರಾಗ ನೀ ಗದಗಿಗಿ ಹೊಂಟ ಚಕ್ಕಡಿ ಹತ್ತಿ ಹೊಳ್ಳಿ ಹೋಗಿದ್ದಿ. 'ಊರ ಮಂದೀನೆಲ್ಲಾ ದಾಟಿಸಿದಿ, ಬೆನ್ನಿಗಿ ಬಿದ್ದ ತಂಗೀನ ತಡದಿ' ಅಂತ ನಿಮ್ಮ ವೈನಿ ಸಾಯೂತನಕ ಅಂದ್ಲು. ಆಕಿ ಮಣ್ಣಿಗಿ ಬಂದಾಗೂ ನೀ ನನ್ನ ಕೂಡ ಮಾತಾಡಲಿಲ್ಲ. ಆಡದಿದ್ದದ್ದ ಬರೋಬರಿ. ಸರಕಾರ ಹೋತು, ಜಕಾತಿ ಪುಸ್ತಕ ರದ್ದಿಗಿ ಹೋತು, ನಾ ಮಾಡಿದ್ದು ಮಾತ್ರ ಉಳದೈತಿ. ತಪ್ಪಾತು, ಹನಮಂತಿ.

ಅಂದಾನಪ್ಪನವರಿಗಿ ನನ್ನ ಶರಣು ಹೇಳು. ಉಡಚವ್ವ ತಾಯಿ ಇಲ್ಲೀತನಕ ಓದಿದ್ರ ಆಕಿ ಹೊಟ್ಟಿ ತಣ್ಣಗಿರಲಿ. ನಿಮ್ಮ ಮಗ್ಗ ಸಪ್ಪಳ ಮಾಡಿಕೋತನ ಇರಲಿ.

ನಿನ್ನ ಅಣ್ಣ
ತಿರಕಪ್ಪ

ತಾ. ಕ.: ಇಲ್ಲಿಂದ ಪೆನ್ಸಿಲ್ಲು, ಅಕ್ಷರ ಕುಣೀತಾವ. ಇದನ್ನ ಟಪಾಲಿಗಿ ಹಾಕಾಕ ಹೋದೆ. ಎದುರಿಗಿ ಗದಗಿನ ಮೋಟಾರು ನಿಂತಿತ್ತು, ಖಾತುನಬಿ ಒಳಗ ಕುಂತಿದ್ಲು. 'ಕಾಗದ ಹೋಗೋ ದಾರ್ಯಾಗ ನಿನಗ ಹೋಗಾಕ ಏನ ಧಾಡಿ?' ಅಂದ್ಲು. ಹತ್ತಿಬಿಟ್ಟೆ. ಈಗ ನಿಮ್ಮ ಓಣಿ ತುದ್ಯಾಗ ಬಾವಿ ಕಟ್ಟಿ ಮ್ಯಾಲೆ ಕುಂತೀನಿ, ಈ ಕಾಗದ ಖಾತುನಬಿ ತಂದು ಕೊಡತಾಳ. ಪಂಚಮಿಗಿ ನಿನ್ನ ಕರಿಯಾಕ ಬಂದೀನಿ ಅಂತ ಬರೀಬೇಕಂತಿದ್ದೆ, ಆದ್ರ ಸುಳ್ಳ ಹೆಂಗ ಬರೀಲಿ? ನಾ ಇದ್ದ ಖೋಲಿ ಸರಕಾರದ್ದು, ಸೋಮವಾರದ ಗದ್ದಲ ಕೇಳಿ ಮಂಗಳವಾರ ಬಂದು ಕೀಲಿ ಹಾಕ್ಯಾರ. ನಿನ್ನ ಕರಕೊಂಡು ಹೋಗಾಕ ತವರಮನಿ ಅನ್ನೂದು ಇಲ್ಲ. ಹಿಂಗಾಗಿ ಈ ಸಲ ಪಂಚಮಿಗಿ ನಾನ ನಿಮ್ಮನಿಗಿ ಬರಲೇನು? ಪಂಚಮಿಗಿ ಇನ್ನೂ ಹದಿನೆಂಟು ದಿನ ಐತಿ, ಅದು ನನಗೂ ಗೊತ್ತೈತಿ. ಹೂಂ ಅಂದ್ರ ಖಾತುನಬಿ ಕೈಯಾಗ ಹೇಳಿಕಳಸು. ವಲ್ಲೆ ಅಂದ್ರೂ ಹೇಳಿಕಳಸು, ಹೊಳ್ಳಿ ಹೋಗಾಕ ಮೂರರ ಮೋಟಾರು ಐತಿ. ಆದ್ರ ಆಕಿ ನಿಮ್ಮ ಕಟ್ಟಿ ಮ್ಯಾಲೆ ಬಳಿ ಬುಟ್ಟಿ ಇಳಿಸಿ ಮಾತಿಗಿ ಕುಂತಳಂದ್ರ ಮೂರು ಹೊಡದದ್ದು ಆಕಿಗಿ ಗೊತ್ತಾಗೂದಿಲ್ಲ. ನೀವೂ ನೆನಪು ಮಾಡಬ್ಯಾಡ್ರಿ.