ಅಲುಗದ ನೆಲದ ಮೇಲೊಂದು ಸಭೆ

ಪ್ರಯೋಗಾಲಯದ ಮೇಲಂತಸ್ತಿನ ಕೋಣೆಯಿಂದ,
ಮಾರ್ಚ್ ಹನ್ನೆರಡು, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಆರೋಗ್ಯ ಹೇಗಿದೆ? ತಲೆಸುತ್ತು ಕಡಿಮೆಯಾಗಿದೆಯೆಂದು ಭಾವ ಬರೆದಿದ್ದರು. ಓದಿ ಸಮಾಧಾನವಾಯಿತು. ಆದರೆ ಕಿವಿ ಪೂರ್ತಿ ಹೋದಂದಿನಿಂದ ನೀನು ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದೀಯೆಂದೂ, ಮನೆಗೆ ಯಾರಾದರೂ ಬಂದರೆ ಎದ್ದು ಒಳಕೋಣೆಗೆ ಹೋಗುತ್ತೀಯೆಂದೂ ಅದೇ ಕಾಗದದಲ್ಲಿತ್ತು. ಅದರ ಬಗ್ಗೆ ಉಪದೇಶ ಮಾಡಲು ನಾನು ಕೂತಿಲ್ಲ. ನನಗೆ ಆ ವಿದ್ಯೆ ಬರುವುದಿಲ್ಲವೆಂಬುದು ನಿನಗೆ ಗೊತ್ತೇ ಇದೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ನನ್ನಾಕೆಗೆ ಹೊಸ ಕನ್ನಡಕ ಬಂದಿದೆ. ಮನೆಯ ಮೂಲೆಮೂಲೆಯ ಧೂಳು ಈಗ ಅವಳಿಗೆ ಕಾಣತೊಡಗಿರುವುದರಿಂದ ನನ್ನ ಪಾಡು ಹೇಳತೀರದು.

ಈ ತಿಂಗಳ ವಿಶೇಷವೆಂದರೆ, ನಮ್ಮ ವಿಭಾಗಕ್ಕೆ ಬೀಜಧನ ಸಿಗುವಂತಿದೆ. ದೊಡ್ಡ ಸಂಶೋಧನೆಗೆ ಕೈಹಾಕುವ ಮೊದಲು, ಅದು ಮೊಳೆಯುತ್ತದೆಯೋ ಇಲ್ಲವೋ ನೋಡಲೆಂದು ವಿಶ್ವವಿದ್ಯಾಲಯ ಕೊಡುವ ಸಣ್ಣ ಹಣ ಅದು. ಹಣ ಸಣ್ಣದಾದರೂ ಷರತ್ತು ದೊಡ್ಡದು. ನಾವು ಪ್ರಾಧ್ಯಾಪಕರು ಮಾತ್ರ ಕೂತು ಏನನ್ನಾದರೂ ಬರೆದು ಕೊಟ್ಟರೆ ನಡೆಯುವುದಿಲ್ಲ. ಊರಿನ ಒಂದು ಸಂಘ, ಒಂದು ಕಾರ್ಖಾನೆ, ನಾವು, ಹೀಗೆ ಮೂವರೂ ಒಂದೇ ಮೇಜಿನ ಮುಂದೆ ಕೂತು, ಏನನ್ನು ಹುಡುಕಬೇಕೆಂಬ ಪ್ರಶ್ನೆಯನ್ನೇ ಕೂಡಿ ರೂಪಿಸಬೇಕು. ಮೂವರಲ್ಲಿ ಒಬ್ಬರು ಸಹಿ ಹಾಕದಿದ್ದರೂ ಹಣ ವಾಪಸು. ನನ್ನ ವಿಷಯ ಕಂಪನ. ಆದ್ದರಿಂದ ಕಿವುಡರ ಸಂಘವೊಂದನ್ನೂ ಮನೆಬಾಗಿಲಿನ ಗಂಟೆ ತಯಾರಿಸುವ ಕಂಪನಿಯೊಂದನ್ನೂ ಸಂಪರ್ಕಿಸಿದೆ.

ಮೊದಲ ಸಭೆಯನ್ನು ನಮ್ಮ ಅತ್ಯುತ್ತಮ ಕೋಣೆಯಲ್ಲಿ ಏರ್ಪಡಿಸಿದೆ. ಆ ಕೋಣೆಯ ಬಗ್ಗೆ ನಿನಗೆ ಹಿಂದೆ ಬರೆದಿದ್ದೆನಲ್ಲ. ದಪ್ಪ ಕಾಂಕ್ರೀಟಿನ ನೆಲ, ಅದರ ಕೆಳಗೆ ಸ್ಪ್ರಿಂಗುಗಳು, ಮೇಲೆ ರಬ್ಬರಿನ ಹಾಸು. ಹೊರಗೆ ಲಾರಿ ಹೋದರೂ ಲೋಟದ ನೀರು ನಡುಗುವುದಿಲ್ಲ. ಅತಿಥಿಗಳಿಗೆ ಅದನ್ನು ತೋರಿಸಬೇಕೆಂಬ ಆಸೆ ನನಗಿತ್ತೆಂದು ಒಪ್ಪುತ್ತೇನೆ. ಸಂಘದ ಅಧ್ಯಕ್ಷೆ ಹೊಲಿಗೆ ಅಂಗಡಿ ನಡೆಸುವವರು, ಹುಟ್ಟಿನಿಂದ ಕಿವುಡರು. ಮೇಜಿನ ಆಚೆ ತುದಿಯಲ್ಲಿ ಮುಖ ತಿರುಗಿಸಿ ಕೂತಿದ್ದ ತಮ್ಮವರೊಬ್ಬರನ್ನು ಕರೆಯಲು ಅವರು ಕಾಲಿನಿಂದ ನೆಲ ಕುಟ್ಟಿದರು. ಅವರಲ್ಲಿ ಕರೆಯುವ ರೀತಿಯೇ ಅದಂತೆ. ಆ ಮನುಷ್ಯ ತಿರುಗಲಿಲ್ಲ. ಮತ್ತೆ ಕುಟ್ಟಿದರು, ಇನ್ನೂ ಜೋರಾಗಿ. ಕಂಪನಿಯ ಮ್ಯಾನೇಜರು, ಪಾಪ, ಅಧ್ಯಕ್ಷೆಗೆ ಸಿಟ್ಟು ಬಂದಿದೆಯೆಂದು ತಿಳಿದು ತಾವು ಹರಡಿದ್ದ ಚಿತ್ರಗಳನ್ನೆಲ್ಲ ಮಡಚತೊಡಗಿದರು. ಸನ್ನೆಯನ್ನು ಮಾತಿಗಿಳಿಸಲು ಬಂದಿದ್ದ ಹುಡುಗಿ "ಸಿಟ್ಟಲ್ಲ ಸಾರ್, ಕರೀತಿದ್ದಾರೆ ಅಷ್ಟೇ" ಎಂದಳು. ಅಷ್ಟರಲ್ಲಿ ಅಧ್ಯಕ್ಷೆ ಬಗ್ಗಿ ನೆಲ ಮುಟ್ಟಿ ನೋಡಿ, ನನ್ನ ಕಡೆ ತಿರುಗಿ ಏನೋ ಸನ್ನೆ ಮಾಡಿದರು. ಹುಡುಗಿ ನಗು ತಡೆದುಕೊಂಡು ಹೇಳಿದಳು: "ಮೇಷ್ಟ್ರೇ, ನಿಮ್ಮ ನೆಲ ನಮಗಿಂತ ಕಿವುಡು."

ಎಲ್ಲರೂ ಎದ್ದು ಹಳೆಯ ಕ್ಯಾಂಟೀನಿನ ಮಹಡಿಗೆ ಹೋದೆವು. ಅಲ್ಲಿ ಮರದ ಹಲಗೆಯ ನೆಲ. ಒಂದು ಸಲ ಕುಟ್ಟಿದರೆ ಸಾಕು, ಎಲ್ಲ ತಲೆಗಳೂ ತಿರುಗುತ್ತಿದ್ದವು. ಗಂಟೆ ಒತ್ತಿದರೆ ಹೊಳೆಯುವ ದೀಪವನ್ನು ಇನ್ನಷ್ಟು ಸುಧಾರಿಸೋಣವೆಂದು ಮ್ಯಾನೇಜರು ಸೂಚಿಸಿದರು. ಅಧ್ಯಕ್ಷೆಯ ಉತ್ತರವನ್ನು ಇದ್ದಂತೆಯೇ ಬರೆಯುತ್ತೇನೆ: "ಅಂಥದು ನನ್ನ ಮನೇಲಿದೆ. ಪೇಪರಿನವನು ಬಂದ್ರೂ ಹೊಳೆಯುತ್ತೆ, ಮಗಳು ಬಂದ್ರೂ ಹೊಳೆಯುತ್ತೆ. ಸಾಕಾಗಿ ಟವೆಲ್ ಹೊದಿಸಿಟ್ಟಿದ್ದೀನಿ." ಅದು ತಮ್ಮ ಕಂಪನಿಯದೇನು ಎಂದು ಮ್ಯಾನೇಜರು ಅಳುಕುತ್ತ ಕೇಳಿದರು. "ಹೌದು, ಟವೆಲ್ ಮಾತ್ರ ನಂದು."

ಬಂದವರು ಯಾರೆಂದು ನೆಲದಿಂದಲೇ ತಿಳಿಯುತ್ತದೆಯೇ ಎಂದು ಕೇಳಿದೆ. ಅಧ್ಯಕ್ಷೆ ಬೆನ್ನು ತಿರುಗಿಸಿ ಕೂತರು. ನಾವು ಒಬ್ಬೊಬ್ಬರಾಗಿ ಕುಟ್ಟಿದೆವು. ತಮ್ಮವರನ್ನು ಬಹುಪಾಲು ಸರಿಯಾಗಿ ಗುರುತಿಸಿದರು. ನನ್ನನ್ನು ಮಾತ್ರ ಮ್ಯಾನೇಜರು ಎಂದರು. ಕಾರಣ ಕೇಳಿದರೆ, "ಇಬ್ಬರೂ ಅನುಮತಿ ಕೇಳಿದ ಹಾಗೆ ಕುಟ್ಟುತ್ತೀರಿ." ನೆಲದ ಕಂಪನವನ್ನು ಗೆರೆಯಾಗಿ ಬರೆಯುವ ನನ್ನ ಉಪಕರಣದಲ್ಲಿ ಕೆಲವರ ಗೆರೆಗಳು ಬೇರೆಬೇರೆಯಾಗಿಯೇ ಬಂದವು. ಆದರೆ ಸಂಘದ ಅಣ್ಣತಮ್ಮಂದಿರಿಬ್ಬರ ಗೆರೆಗಳು ಅಕ್ಷರಶಃ ಒಂದೇ. ಅವರನ್ನೂ ಅಧ್ಯಕ್ಷೆ ಬೇರ್ಪಡಿಸಿದರು. ಹೇಗೆಂದು ಸ್ವತಃ ಅಧ್ಯಕ್ಷೆಗೂ ಹೇಳಲಾಗಲಿಲ್ಲ. ಅಂದಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಆ ವ್ಯತ್ಯಾಸ ನೆಲದಲ್ಲಿದ್ದೂ ನನ್ನ ಉಪಕರಣಕ್ಕೆ ಸಿಗುತ್ತಿಲ್ಲವೋ, ಅಥವಾ ಪರಿಚಯವೆಂಬುದು ನೆಲದಲ್ಲಿರದೆ ಅವರಲ್ಲೇ ಇದೆಯೋ?

ಇದನ್ನೇ ನಮ್ಮ ಪ್ರಶ್ನೆಯಾಗಿಸೋಣವೆಂದೆ. ಅಧ್ಯಕ್ಷೆ ಒಪ್ಪಲಿಲ್ಲ. "ನಮಗೆ ಹುಟ್ಟಿದಾಗಿಂದ ನೆಲ ಗೊತ್ತು. ದೊಡ್ಡವರಾದ ಮೇಲೆ ಕಿವಿ ಹೋದೋರಿಗೆ ಯಾರು ಕಲಿಸ್ತಾರೆ? ಅವರು ಮೂಲೆ ಹಿಡಿದು ಕೂತಿರ್ತಾರೆ. ಅವರಿಗೆ ಕಲಿಯೋಕಾಗುತ್ತಾ, ಅದನ್ನ ಕಂಡುಹಿಡೀರಿ. ಅಂಥೋರೊಬ್ಬರು ಈ ಮೇಜಿಗೆ ಬರೋ ತನಕ ನಾವು ಸಹಿ ಹಾಕಲ್ಲ." ಮ್ಯಾನೇಜರು ನನ್ನ ಮುಖ ನೋಡಿದರು. ನನಗೊಬ್ಬ ಅಕ್ಕ ಇದ್ದಾಳೆಂಬ ಮಾತು ನಾಲಿಗೆಯ ತುದಿಗೆ ಬಂತು. ನಿನ್ನನ್ನು ಕೇಳದೆ ಹೇಳುವುದು ಸರಿಯಲ್ಲವೆಂದು ನುಂಗಿಕೊಂಡೆ.

ಕಾಗದ ಉದ್ದವಾಯಿತು. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಭಾವನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ.

ನಿನ್ನ ತಮ್ಮ
(ನೀನಿಟ್ಟ ಹೆಸರಿನಲ್ಲಿ, ಅಳತೆಗೋಲು)

ಮರೆತ ಮಾತು: ಮುಂದಿನ ಸಭೆ ಇದೇ ತಿಂಗಳ ಕೊನೆಯ ಶನಿವಾರ. ಚಿಕ್ಕಂದಿನಲ್ಲಿ ನೀನು ಓದುತ್ತಿದ್ದ ಮಹಡಿಯ ಕೋಣೆಯಿಂದ ಹಿಮ್ಮಡಿಯಲ್ಲಿ ನೆಲ ಕುಟ್ಟಿದರೆ, ಕೆಳಗೆ ಆಡುತ್ತಿದ್ದ ನಾನು ಓಡಿಬರುತ್ತಿದ್ದೆನಲ್ಲ. ಅಮ್ಮ ಕುಟ್ಟಿದರೆ ಬರುತ್ತಿರಲಿಲ್ಲ. ಅಂದರೆ ನಮಗೂ ಒಂದಿಷ್ಟು ನೆಲ ಗೊತ್ತಿತ್ತೆಂದಾಯಿತು. ನಮ್ಮ ಬಾಗಿಲ ಮುಂದೆ ಮರದ ಹಲಗೆ ಹಾಕಿಸಿದ್ದೇನೆ. ಕಿವಿಗೆ ಹತ್ತಿ ತುರುಕಿ, ಬಾಗಿಲಿಗೆ ಬೆನ್ನು ಮಾಡಿ ಕೂತು ಅಭ್ಯಾಸ ನಡೆಸಿದ್ದೇನೆ. ನಿನ್ನೆ ನನ್ನಾಕೆಯನ್ನು ಕೊರಿಯರಿನವನೆಂದು ತಿಳಿದು, ಪೊಟ್ಟಣ ಅಲ್ಲೇ ಇಟ್ಟು ಹೋಗು ಎಂದುಬಿಟ್ಟೆ. ಅವಳು ಇನ್ನೂ ಮಾತಾಡುತ್ತಿಲ್ಲ. ನೀನು ಬಂದರೆ ಗಂಟೆ ಒತ್ತಬೇಡ. ಹಲಗೆಯ ಮೇಲೆ ಆ ಹಳೆಯ ಹಿಮ್ಮಡಿಯಿಂದಲೇ ಕುಟ್ಟು. ಮೊದಲು ಪರೀಕ್ಷೆಗೆ ಕೂರುವವನು ನಾನು. ಆಮೇಲೆ ನೀನು ಕೂರುವೆಯೋ ಇಲ್ಲವೋ ಎಂಬುದು ನಿನಗೆ ಬಿಟ್ಟದ್ದು. ನಿನ್ನನ್ನು ಗುರುತಿಸಲು ತಪ್ಪುವುದಿಲ್ಲವೆಂದು ನನ್ನ ಊಹೆ. ನೀನು ಬಾರದೆ ಅದನ್ನು ಪರೀಕ್ಷಿಸುವ ದಾರಿ ನನಗೆ ತಿಳಿಯದು.