ನಲವತ್ತನೇ ಮಹಡಿಯ ಕೆಂಪು ಅಕ್ಷರಗಳು

ಅಪ್ಪಾ,

ನಲವತ್ತು ಮಹಡಿಯ ಕಟ್ಟಡದ ನೆತ್ತಿಯ ಮೇಲೆ ಕಂಪನಿಯ ಹೆಸರನ್ನು ಕೆಂಪು ದೀಪದಲ್ಲಿ ಬರೆಯುವುದು ಕಳ್ಳತನ. ಎಲ್ಲರಿಗೂ ಸೇರಿದ ಆಕಾಶವನ್ನು ಯಾರನ್ನೂ ಕೇಳದೆ ಕದ್ದಿದ್ದಾರೆ. ಆ ಅಕ್ಷರಗಳನ್ನು ಕೂರಿಸಿದವನು ನೀನು ಎಂಬ ಕಾರಣಕ್ಕೆ ಈ ಮಾತನ್ನು ನುಂಗಿಕೊಳ್ಳಲಾರೆ.

“ಆಕಾಶ ಏನು ನಿಮ್ಮಪ್ಪನ ಆಸ್ತೀನಾ?” ಎಂದು ಅವತ್ತಿನ ಜಗಳದಲ್ಲಿ ನೀನೇ ರೇಗಿದೆ. ನಗು ಬಂದರೂ ನಗದೆ ಮನೆ ಬಿಟ್ಟೆ. ಈಗಿನ ಬಾಡಿಗೆ ಕೋಣೆಯ ಕಿಟಕಿ ತೆರೆದರೆ ಅವೇ ಅಕ್ಷರಗಳು. ಅವುಗಳ ವಿರುದ್ಧ ಬರೆದ ಕರಪತ್ರವನ್ನು ನಾನು ಗಟ್ಟಿಯಾಗಿ ಓದಿದರೆ ಕೇಳಲು ಗೋಡೆಗಳಷ್ಟೇ ಇವೆ.

ಮೊನ್ನೆ ಎರಡನೆಯ ಅಕ್ಷರ ಕೆಟ್ಟಿತ್ತು. ಸಂಜೆ ಅಲ್ಲಿ ನಿನ್ನ ಹಳದಿ ಹೆಲ್ಮೆಟ್ ಕಂಡಿತು. ರಿಪೇರಿ ಮುಗಿದ ಮೇಲೆ ದೀಪ ಮೂರು ಸಲ ಆರಿ ಹೊತ್ತಿತು. ‘ಇಳೀತಾ ಇದೀನಿ, ಅಡುಗೆ ಬಿಸಿ ಮಾಡು’ ಎಂದು ಅಮ್ಮನಿಗೆ ನೀನು ಕೊಡುತ್ತಿದ್ದ ಸನ್ನೆ ಅದು. ಅಮ್ಮ ತೀರಿಕೊಂಡು ವರ್ಷವಾಯಿತು. ಆದರೂ ಯಾರೂ ನೋಡಲಿಲ್ಲ ಅಂದುಕೊಳ್ಳಬೇಡ. ನಾನು ನೋಡಿದೆ. ಎದ್ದು ಒಲೆಯನ್ನೂ ಹಚ್ಚಿದೆ.

ಬೋರ್ಡು ಇಳಿಸಬೇಕೆಂಬ ಮನವಿಯನ್ನು ಶನಿವಾರ ನಗರಸಭೆಗೆ ಕೊಟ್ಟೇ ಕೊಡುತ್ತೇನೆ. ನಿನ್ನ ಸೊಂಟದ ಸುರಕ್ಷತಾ ಬೆಲ್ಟಿನ ಕೊಂಡಿ ನಾನು ಹೊರಡುವಾಗಲೇ ಸವೆದಿತ್ತು, ಬದಲಿಸು. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಆ ಕಟ್ಟಡದ ಹಿಂಬಾಗಿಲಲ್ಲಿ ಬುತ್ತಿ ಹಿಡಿದು ನಿಂತಿರುತ್ತೇನೆ.

ನಿನ್ನ ಹಠಮಾರಿ ಮಗಳು